ಅಂಗಳದ ಬಿಸಿಲು

ನಮ್ಮ ನಾಡಿಗೆ ಬಿಸಿಲಿನ ಬಡತನವಿಲ್ಲ. ಆದರೂ ಬಿಸಿಲಿನಿಂದ ದೊರೆಯಬೇಕಾದ ಡಿ ಜೀವಸತ್ವದ ಕೊರತೆಯು ನಮ್ಮ ಮನೆಗಳಲ್ಲಿ ಅಪರೂಪವಲ್ಲವೆಂದು ವೈದ್ಯರು ಹೇಳುತ್ತಾರೆ. ಕೆರೆಯ ದಡದಲ್ಲಿ ಕುಳಿತು ಬಾಯಾರಿದಂತಾಯಿತು! ಹಪ್ಪಳ ಸಂಡಿಗೆಗಳಿಗೂ ಹಾಸಿಗೆ ಹೊದಿಕೆಗಳಿಗೂ ಬಿಸಿಲು ಬೇಕೆಂದು ಬಲ್ಲ ನಾವು, ಅದು ಮೈಗೂ ಬೇಕೆಂಬುದನ್ನು ಮರೆತಿದ್ದೇವೆ.

ಈ ಜೀವಸತ್ವವಿಲ್ಲದೆ, ಉಂಡ ಅನ್ನದಲ್ಲಿನ ಸುಣ್ಣದ ಅಂಶವು ಚೆನ್ನಾಗಿ ಮೈಗೆ ಹತ್ತದು. ಮಕ್ಕಳಲ್ಲಿ ಎಲುಬು ಮೆತ್ತಗಾಗಿ ಕಾಲುಗಳು ಬಾಗುವ ರಿಕೆಟ್ಸ್ ರೋಗ ಬರುತ್ತದೆ. ದೊಡ್ಡವರಿಗೆ ಎಲುಬಿನ ನೋವೂ ಮಾಂಸಖಂಡಗಳ ನಿಶ್ಶಕ್ತಿಯೂ ಉಂಟಾಗುತ್ತವೆ. 1919ರಲ್ಲಿ ಬರ್ಲಿನ್ ನಗರದ ವೈದ್ಯ ಹುಲ್ಡ್‌ಶಿನ್‌ಸ್ಕಿ ಎಂಬಾತನು ಇಂತಹ ಮಕ್ಕಳ ಮೈಮೇಲೆ ಅತಿನೇರಳೆ ಕಿರಣಗಳ ದೀಪದ ಬೆಳಕನ್ನು ಹಾಯಿಸಿ ಗುಣಪಡಿಸಿದನು. ಒಂದು ತೋಳಿಗೆ ಮಾತ್ರ ಬೆಳಕು ತಾಗಿಸಿದರೂ ಇನ್ನೊಂದು ತೋಳಿನ ಎಲುಬೂ ಗಟ್ಟಿಯಾಯಿತು. ಬೆಳಕಿನಿಂದ ಚರ್ಮದಲ್ಲಿ ಹುಟ್ಟುವ ಯಾವುದೋ ವಸ್ತುವು ರಕ್ತದೊಡನೆ ಮೈಯೆಲ್ಲ ಸಂಚರಿಸುತ್ತದೆಂಬುದಕ್ಕೆ ಇದು ಸಾಕ್ಷಿಯಾಯಿತು. ಆ ವಸ್ತುವೇ ಡಿ ಜೀವಸತ್ವ.

ಆದರೆ ಎಲ್ಲ ಬಿಸಿಲೂ ಒಂದೇ ಅಲ್ಲ. ಬೆಳಗಿನ ಎಳೆಬಿಸಿಲು ಹಿತವಾದರೂ ಬೇಕಾದ ಕಿರಣಗಳು ಅದರಲ್ಲಿ ಬಲು ಕಡಮೆ. ಗಾಜಿನ ಕಿಟಕಿಯಂತೂ ಅವನ್ನು ತಡೆದೇ ಬಿಡುತ್ತದೆ. ಹಾಗಾದರೆ ಸರಿಯಾದ ಹೊತ್ತನ್ನು ಅರಿಯುವುದೆಂತು? ಅಂಗಳದಲ್ಲಿ ನಿಂತು ನಿಮ್ಮ ನೆರಳನ್ನು ನೋಡಿ. ಅದು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಬಿಸಿಲು ಫಲಕಾರಿ. ಚಳಿಗಾಲದ ಬರ್ಲಿನ್ನಿನಲ್ಲಿ ನಡುಹಗಲಲ್ಲೂ ಅಷ್ಟು ಗಿಡ್ಡ ನೆರಳು ಬೀಳದು. ನಮ್ಮ ಕರ್ನಾಟಕದಲ್ಲಾದರೋ ಪುಷ್ಯಮಾಸದ ನಡುಹಗಲಲ್ಲೂ ಬೀಳುತ್ತದೆ. ಇದು ನಮ್ಮ ಭಾಗ್ಯ.

ವಾರದಲ್ಲಿ ಕೆಲವು ದಿನ, ಮುಖವೂ ತೋಳುಗಳೂ ತೆರೆದಿರುವಂತೆ, ಅರ್ಧ ಗಂಟೆಯಷ್ಟು ಹೊತ್ತು ಇಂತಹ ಬಿಸಿಲಿನಲ್ಲಿ ಕೈಕೆಲಸ ಮಾಡಿಕೊಂಡಿದ್ದರೆ ಬಹುಮಂದಿಗೆ ಲಾಭವುಂಟು. ಕಪ್ಪು ಮೈಬಣ್ಣದವರಿಗೂ ಮುದುಕರಿಗೂ ಇನ್ನಷ್ಟು ಹೊತ್ತು ಬೇಕಾಗಬಹುದು. ಬೇಸಗೆಯಲ್ಲಿ ಹತ್ತು ಗಂಟೆಯ ಸುಮಾರಿಗೇ ಈ ಕೆಲಸ ಮುಗಿಸುವುದು ಲೇಸು. ಚರ್ಮವು ಉರಿಯುವ ಮುನ್ನವೇ ನೆರಳಿಗೆ ಸರಿಯಬೇಕು.

ಬಾಣಂತಿ ಮತ್ತು ಕೂಸಿನ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಕತ್ತಲೆಯ ಕೋಣೆಯಲ್ಲಿ ತಿಂಗಳುಗಟ್ಟಲೆ ಇರುವ ತಾಯಿಗೆ ಈ ಜೀವಸತ್ವ ಎಲ್ಲಿಂದ ಬರಬೇಕು? ತಾಯಿಯ ಹಾಲು ಅಮೃತಸಮಾನವಾದರೂ ಇದೊಂದು ಅದರಲ್ಲಿ ಅತ್ಯಲ್ಪ. ಕೂಸಿನ ಎಳೆಯ ಚರ್ಮವೋ ಪ್ರಖರವಾದ ಬಿಸಿಲನ್ನು ತಾಳದು. ಆದುದರಿಂದಲೇ ಮೊದಲ ವರ್ಷದಲ್ಲಿ ದಿನಕ್ಕೆ 400 ಯೂನಿಟ್ಟಿನ ಹನಿಮದ್ದನ್ನು ಕೊಡಬೇಕೆಂದು ಶಿಶುವೈದ್ಯರು ವಿಧಿಸುತ್ತಾರೆ. ಅಜ್ಜಿಯರು ಇದನ್ನು ಹೊಸ ಕಾಲದ ಹುಚ್ಚೆಂದು ತಳ್ಳದಿರಲಿ.

ಬಿಸಿಲಿನಿಂದ ಈ ಜೀವಸತ್ವವು ಅತಿಯಾಗುವ ಭಯವಿಲ್ಲ. ಹೆಚ್ಚಾದುದನ್ನು ಚರ್ಮವೇ ಕೆಡಿಸಿಬಿಡುತ್ತದೆ. ಮಾತ್ರೆಗಳ ಮಾತು ಬೇರೆ. ಅತಿಯಾದರೆ ಅವು ವಿಷವಾದಾವು. ಅವನ್ನು ವೈದ್ಯರ ಅಪ್ಪಣೆಯಂತೆಯೇ ಸೇವಿಸತಕ್ಕದ್ದು. ಬಿಸಿಲಿಗಾದರೋ ಯಾರ ಚೀಟಿಯೂ ಬೇಡ. ಬಾಗಿಲು ತೆರೆದು ಹೊರಗೆ ಬಂದರಾಯಿತು.