ಮಳೆಯ ಲೆಕ್ಕವೂ ಸರಿಯುವ ಕಿಟಕಿಯೂ

ಆಷಾಢಮಾಸದಲ್ಲಿ ಕಾರವಾರ, ಅಂಕೋಲಾಗಳ ಕಡೆಗೆ ಹೋದವರಿಗೆ ಮಳೆಯೆಂದರೆ ಏನೆಂಬುದನ್ನು ಬೇರೆಯಾಗಿ ಹೇಳಬೇಕಾದುದಿಲ್ಲ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸಹ್ಯಾದ್ರಿಯ ಚಾಚುಗಳು. ನಡುವೆ ಇಕ್ಕಟ್ಟಾದ ನೆಲ. 2024ನೆಯ ಇಸವಿ ಜುಲೈ 16ರಂದು ಮಳೆಗಾಲದ ನಡುವೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡವು ಕುಸಿದು, ರಾಷ್ಟ್ರೀಯ ಹೆದ್ದಾರಿ 66ನ್ನು ಮುಚ್ಚಿ, ಗಂಗಾವಳಿ ನದಿಯೊಳಕ್ಕೆ ಇಳಿಯಿತು. ಹಲವರು ಪ್ರಾಣ ಕಳೆದುಕೊಂಡರು. ಗುಡ್ಡ ಕುಸಿಯುವುದಕ್ಕೆ ಮಳೆಯೊಂದೇ ಕಾರಣವಲ್ಲ. ಮಣ್ಣಿನ ಗುಣ, ಇಳಿಜಾರು, ಬುಡವನ್ನು ಕಡಿದ ರೀತಿ ಇವೂ ಸೇರುತ್ತವೆ. ಆದರೂ ಎಷ್ಟು ಹೊತ್ತಿನಲ್ಲಿ ಎಷ್ಟು ಮಳೆ ಬಿದ್ದಿತೆಂಬ ಲೆಕ್ಕವಿಲ್ಲದೆ ಎಚ್ಚರಿಕೆ ಕೊಡುವುದು ಕಷ್ಟ. ಆ ಲೆಕ್ಕವನ್ನು ಗಣಕಯಂತ್ರಕ್ಕೆ ಒಪ್ಪಿಸುವ ಬಗೆ ಹೇಗೆಂಬುದನ್ನು ಇಲ್ಲಿ ವಿಚಾರಿಸೋಣ.

ನಮ್ಮ ಹವಾಮಾನ ಇಲಾಖೆಯವರು ದಿನದ ಮಳೆಯನ್ನು ಬೆಳಗಿನ 8-30ರಿಂದ ಮರುದಿನ ಬೆಳಗಿನ 8-30ರ ವರೆಗೆ ಎಣಿಸುತ್ತಾರೆ. ಆ 24 ಗಂಟೆಗಳಲ್ಲಿ 64.5ರಿಂದ 115.5 ಮಿಲಿಮೀಟರಿನ ವರೆಗೆ ಬಿದ್ದರೆ ಅದು ಭಾರಿ ಮಳೆ, 115.6ರಿಂದ 204.4ರ ವರೆಗೆ ಅತಿ ಭಾರಿ ಮಳೆ. ಅದನ್ನೂ ಮೀರಿದರೆ ಅತ್ಯಂತ ಭಾರಿ ಮಳೆ. ಈಗ ಹೀಗೆ ಭಾವಿಸೋಣ: ಸೋಮವಾರ ರಾತ್ರಿ 8-30ಕ್ಕೆ ಮಳೆ ಹಿಡಿಯಿತು. ಮಂಗಳವಾರ ಬೆಳಗಿನ 8-30ರ ವರೆಗೆ ಗಂಟೆಗೆ 10 ಮಿಲಿಮೀಟರಿನಂತೆ 120 ಬಿದ್ದಿತು. ಅಲ್ಲಿಂದ ರಾತ್ರಿ 8-30ರ ವರೆಗೆ ಗಂಟೆಗೆ 9ರಂತೆ 108 ಬಿದ್ದು ನಿಂತಿತು. ದಿನದ ಲೆಕ್ಕದಲ್ಲಿ ಮೊದಲನೆಯದು ಅತಿ ಭಾರಿ, ಎರಡನೆಯದು ಭಾರಿ. ಆದರೆ ಗುಡ್ಡದ ಮಣ್ಣಿಗೆ ಗಡಿಯಾರದ ಪರಿಚಯವಿಲ್ಲ. ಅದು 24 ಗಂಟೆಗಳಲ್ಲಿ ಒಟ್ಟು 228 ಮಿಲಿಮೀಟರ್ ಮಳೆಗೆ ಒಡ್ಡಿಕೊಂಡಿತು. ಮಳೆ ಅತ್ಯಂತ ಭಾರಿಯೇ ಆಗಿದ್ದರೂ ದಿನದ ಗೆರೆ ಅದನ್ನು ಎರಡಾಗಿ ಸೀಳಿ ಮರೆಮಾಡಿತು. ದಿನದ ಲೆಕ್ಕ ತಪ್ಪೆಂದು ಇದರ ಅರ್ಥವಲ್ಲ. ವರ್ಷದಿಂದ ವರ್ಷಕ್ಕೆ ಹೋಲಿಸಲು ಅದೇ ಬೇಕು. ನಮ್ಮ ಪ್ರಶ್ನೆಯು ಬೇರೆಯಾದುದರಿಂದ ಎಣಿಸುವ ಕ್ರಮವೂ ಬೇರೆಯಾಗಬೇಕು.

ಸ್ವಯಂಚಾಲಿತ ಮಳೆಮಾಪಕವು ಗಂಟೆಗೊಂದು ಅಂಕಿಯನ್ನು ಕಳಿಸುತ್ತದೆ ಎನ್ನೋಣ. ಹೀಗೆ ಸಾಲಾಗಿ ಬರುವ ಅಂಕಿಗಳನ್ನು, ಕೇಳಿದಾಗ ಒಂದೊಂದಾಗಿ ಒಪ್ಪಿಸುವ ವ್ಯವಸ್ಥೆಗೆ ಪ್ರೋಗ್ರಾಂ ಭಾಷೆಗಳಲ್ಲಿ ಇಟರೇಟರ್ ಎಂದು ಹೆಸರು. ಕಣದಲ್ಲಿ ಕೊಳಗ ಹಿಡಿದು ಬತ್ತವನ್ನಳೆಯುವವನನ್ನು ನೆನೆಯಿರಿ. ‘ಲಾಭ, ಎರಡು, ಮೂರು’ ಎಂದು ಅವನು ಒಂದೊಂದೇ ಕೊಳಗವನ್ನು ಸುರಿಯುತ್ತಾನೆ; ರಾಶಿಯನ್ನೆಲ್ಲ ಒಮ್ಮೆಗೇ ಎತ್ತುವುದಿಲ್ಲ, ಸುರಿದುದನ್ನು ಮರಳಿ ತೆಗೆಯುವುದೂ ಇಲ್ಲ. ಇಟರೇಟರಿನ ಸ್ವಭಾವವೂ ಇಂಥದೇ. ಹತ್ತು ವರ್ಷಗಳ ಗಂಟೆವಾರು ಅಂಕಿಗಳು 87,600ಕ್ಕೂ ಹೆಚ್ಚಾಗುತ್ತವೆ. ಆದರೂ ಒಂದು ಸಮಯಕ್ಕೆ ಒಂದು ಅಂಕಿಗೆ ಮಾತ್ರ ಸ್ಥಳವಿದ್ದರೆ ಸಾಕು.

ಆದರೆ 24 ಗಂಟೆಗಳ ಮೊತ್ತ ಬೇಕಾದರೆ ಒಂದೊಂದು ಅಂಕಿಯಿಂದ ಸಾಲದು. ಇಟರೇಟರಿಗೂ ನಮ್ಮ ಪ್ರಶ್ನೆಗೂ ನಡುವೆ ನಿಂತು, ಬಂದ ಅಂಕಿಗಳನ್ನು ಬೇಕಾದ ರೀತಿಯಲ್ಲಿ ಜೋಡಿಸಿ ಕೊಡುವ ಚಿಕ್ಕ ಸಹಾಯಕ ಫಂಕ್ಷನ್ ಒಂದು ಬೇಕು. ಇದರಲ್ಲಿ ಎರಡು ಬಗೆ. ಮೊದಲನೆಯದು ಕಟ್ಟು ಕಟ್ಟುವುದು. 2, 7, 6, 1 ಎಂಬ ಸಾಲನ್ನು ಎರಡೆರಡರ ಕಟ್ಟು ಮಾಡಿದರೆ ಮೊತ್ತಗಳು 9 ಮತ್ತು 7. ಎರಡನೆಯದು ಸರಿಯುವ ಕಿಟಕಿ. ಕಾರವಾರದಿಂದ ಅಂಕೋಲಾಕ್ಕೆ ರೈಲಿನಲ್ಲಿ ಹೋಗುವಾಗ ಕಿಟಕಿಯ ಒಂದು ಅಂಚಿನಲ್ಲಿ ಹೊಸ ತೆಂಗಿನಮರ ಕಾಣಿಸಿಕೊಂಡಂತೆ ಇನ್ನೊಂದು ಅಂಚಿನಲ್ಲಿ ಹಳೆಯದು ಮರೆಯಾಗುವುದಷ್ಟೆ? ಹಾಗೆಯೇ ಎರಡಂಕಿಯ ಕಿಟಕಿಯನ್ನು ಅದೇ ಸಾಲಿನ ಮೇಲೆ ಸರಿಸಿದರೆ ಮೊತ್ತಗಳು 9, 13, 7. ಕಟ್ಟಿನ ಲೆಕ್ಕದಲ್ಲಿ ಅಡಗಿದ್ದ 13 ಈಗ ಹೊರಬಿದ್ದಿತು.

ಕಿಟಕಿಯ ಫಂಕ್ಷನ್ನಿನ ರಚನೆ ಹೀಗೆ: 24 ಅಂಕಿಗಳು ಹಿಡಿಯುವ ಒಂದು ಸರತಿಯ ಸಾಲನ್ನಿಟ್ಟುಕೊಳ್ಳಬೇಕು. ಹೊಸ ಅಂಕಿ ಬಂದಾಗ ಅದನ್ನು ಸಾಲಿನ ಕೊನೆಗೆ ಸೇರಿಸಿ ಮೊತ್ತಕ್ಕೆ ಕೂಡಿಸಬೇಕು. ಸಾಲು 24ನ್ನು ಮೀರಿದರೆ ಅತ್ಯಂತ ಹಳೆಯದನ್ನು ತೆಗೆದು ಮೊತ್ತದಿಂದ ಕಳೆಯಬೇಕು. ಸಾಲು ತುಂಬಿರುವಾಗಲೆಲ್ಲ ಮೊತ್ತವನ್ನು ಒಪ್ಪಿಸಬೇಕು. ಇಷ್ಟೇ. ಪ್ರತಿಸಲವೂ 24 ಅಂಕಿಗಳನ್ನು ಮೊದಲಿನಿಂದ ಕೂಡಿಸುವ ಶ್ರಮವಿಲ್ಲ. ಒಂದು ಸಂಕಲನ, ಒಂದು ವ್ಯವಕಲನ ಸಾಕು.

ರಚನೆ ಸುಲಭವಾದರೂ ಮೂರು ಕಡೆ ಎಚ್ಚರ ಬೇಕು. ಮೊದಲನೆಯದಾಗಿ, 24 ಅಂಕಿಗಳು ಬರುವುದಕ್ಕೆ ಮುಂಚೆ ಫಂಕ್ಷನ್ ಏನನ್ನೂ ಹೇಳುವುದಿಲ್ಲ. ಆ ಮೌನವನ್ನು ‘ಮಳೆಯಿಲ್ಲ’ ಎಂದು ತಿಳಿಯಬಾರದು. ಎರಡನೆಯದಾಗಿ, ಬಿರುಮಳೆಯಲ್ಲಿ ವಿದ್ಯುತ್ತು ಹೋಗಿ ಮೂರು ಗಂಟೆಗಳ ಅಂಕಿಗಳು ಬಾರದಿದ್ದರೆ, ಸಾಲಿನಲ್ಲಿರುವ 24 ಅಂಕಿಗಳು 27 ಗಂಟೆಗಳನ್ನು ವ್ಯಾಪಿಸುತ್ತವೆ. ಅಂಕಿಗಳನ್ನೆಣಿಸುವುದೂ ಗಂಟೆಗಳನ್ನೆಣಿಸುವುದೂ ಒಂದೇ ಅಲ್ಲ. ತಪ್ಪಿದ ಗಂಟೆಗೆ ಸೊನ್ನೆಯನ್ನಲ್ಲ, ‘ತಿಳಿಯದು’ ಎಂಬ ಗುರುತನ್ನಿಟ್ಟು ಸ್ಥಳವನ್ನು ಕಾಯ್ದಿಡಬೇಕು. ಅಂಥ ಗುರುತು ಕಿಟಕಿಯಲ್ಲಿರುವ ವರೆಗೆ ಮೊತ್ತವೂ ಅಪೂರ್ಣವೆಂದೇ ಹೇಳಬೇಕು. ಮೂರನೆಯದು ಎಲ್ಲಕ್ಕಿಂತ ಗೂಢವಾದುದು. ಕಿಟಕಿಯನ್ನು ಹೂಡುವ ಮೊದಲು ಯಾರಾದರೂ ‘ಒಟ್ಟು ಅಂಕಿಗಳೆಷ್ಟು?’ ಎಂದು ಅದೇ ಇಟರೇಟರನ್ನು ಕೊನೆಯ ವರೆಗೆ ಎಣಿಸಿಬಿಟ್ಟರೆ, ಬತ್ತವೆಲ್ಲ ಅಳೆದಾಯಿತು. ಆಮೇಲೆ ಫಂಕ್ಷನ್ನಿಗೆ ಸಿಕ್ಕುವುದು ಬರಿಯ ಕಣ. ಅದು ದೋಷವೆಂದು ಕೂಗುವುದೂ ಇಲ್ಲ. ಸುಮ್ಮನೆ ಬರಿಗೈಯಲ್ಲಿ ಹಿಂದಿರುಗುತ್ತದೆ.

ಇಟರೇಟರಿನ ಕಲ್ಪನೆ ಹೊಸದಲ್ಲ. 1970ರ ದಶಕದಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಬಾರ್ಬರಾ ಲಿಸ್ಕೋವ್ ಮತ್ತು ಸಂಗಡಿಗರು ರೂಪಿಸಿದ ಸಿ.ಎಲ್.ಯು. ಭಾಷೆಯಲ್ಲಿ ಅದು ಇದ್ದಿತು. ಪೈಥಾನ್ ಭಾಷೆಗೆ 2003ರಲ್ಲಿ ಇಂಥ ಸಹಾಯಕ ಫಂಕ್ಷನ್ನುಗಳ ಇಟರ್‌ಟೂಲ್ಸ್ ಎಂಬ ಭಂಡಾರವು ಸೇರಿತು. ಅಕ್ಕಪಕ್ಕದ ಎರಡನ್ನು ಜೋಡಿಸುವ ಪೇರ್‌ವೈಸ್ 2021ರಲ್ಲಿಯೂ ಕಟ್ಟು ಕಟ್ಟುವ ಬ್ಯಾಚ್ಡ್ 2023ರಲ್ಲಿಯೂ ಅದರೊಳಕ್ಕೆ ಬಂದುವು. ಸರಿಯುವ ಕಿಟಕಿಯನ್ನು ಮಾತ್ರ ನಾವೇ ಬರೆದುಕೊಳ್ಳುವಂತೆ, ಅದರ ಕೈಪಿಡಿಯಲ್ಲಿ ಮಾದರಿಯಾಗಿ ಕೊಟ್ಟಿದ್ದಾರೆ.

ವಿದ್ಯಾರ್ಥಿಗಳು ಗಣಕಯಂತ್ರದ ಮುಂದೆ ಕುಳಿತುಕೊಳ್ಳುವ ಮೊದಲು ಹತ್ತು ಅಂಕಿಗಳನ್ನು ಕಾಗದದ ಮೇಲೆ ಬರೆದು, ಮೂರಂಕಿಯ ಕಿಟಕಿಯನ್ನು ಕೈಯಿಂದಲೇ ಸರಿಸಿ ನೋಡಲಿ. ಎಂಟು ಮೊತ್ತಗಳು ಬರಬೇಕು. ಏಳೋ ಒಂಬತ್ತೋ ಬಂದರೆ ಅಂಚಿನಲ್ಲಿ ತಪ್ಪಿದೆ. ಕಾಗದದ ಮೇಲೆ ಇದು ಸಣ್ಣ ತಪ್ಪು. ಗುಡ್ಡದ ಕೆಳಗಿನ ದಾರಿಯಲ್ಲಿ ಲಾರಿ ನಿಲ್ಲಿಸಿ ಚಹಾ ಕುಡಿಯುತ್ತಿರುವವನ ಪಾಲಿಗೆ ಅದು ಸಣ್ಣದಲ್ಲ.