ಹೊಸಬರ ಕುರ್ಚಿ

ಒಂದು ಕಚೇರಿಯ ಗುಣವನ್ನು ತಿಳಿಯಬೇಕಾದರೆ ಅಲ್ಲಿನ ದಫ್ತರಗಳನ್ನು ತಿರುವಿಹಾಕಬೇಕಾಗಿಲ್ಲ. ಹೊಸದಾಗಿ ಕೆಲಸಕ್ಕೆ ಬಂದವನಿಗೆ ಮೊದಲ ದಿನ ಎಂತಹ ಕುರ್ಚಿಯನ್ನು ಕೊಟ್ಟರೆಂಬುದನ್ನು ನೋಡಿದರೆ ಸಾಕು. ಮೂವತ್ತೇಳು ವರ್ಷ ಗುಮಾಸ್ತೆಯ ಕೆಲಸ ಮಾಡಿ ನಿವೃತ್ತನಾದ ನನ್ನ ಅನುಭವದ ಸಾರವೆಲ್ಲ ಇಷ್ಟೇ.

ನಾನು ಕೊಳ್ಳೇಗಾಲದ ಒಂದು ಕಚೇರಿಗೆ ಸೇರಿದ್ದು 1979ರಲ್ಲಿ. ಮಂಡ್ಯದ ಕಡೆಯವನಾದ ನನಗೆ ಊರಿನಲ್ಲಿ ಪರಿಚಿತರೊಬ್ಬರೂ ಇರಲಿಲ್ಲ. ನನ್ನ ಪಾಲಿಗೆ ಬಂದ ಕುರ್ಚಿಗೆ ಮೂರೇ ಕಾಲು ಗಟ್ಟಿ. ಅದನ್ನು ಕಂಡ ಹಿರಿಯ ಗುಮಾಸ್ತರೊಬ್ಬರು ತಮ್ಮ ಕುರ್ಚಿಯನ್ನು ನನ್ನತ್ತ ಸರಿಸಿ, "ಇದರಲ್ಲಿ ಕೂತ್ಕೊಳಪ್ಪ. ಆ ಕುರ್ಚಿಗೆ ನನ್ನ ಗುರುತುಂಟು, ನನ್ನನ್ನು ಬೀಳಿಸೋದಿಲ್ಲ" ಎಂದರು. ಹೊಸಬರ ಮೇಲೆ ಅವರಿಗೇಕೆ ಅಷ್ಟು ಕರುಣೆಯೆಂಬುದು ತಿಳಿದದ್ದು ಮುಂದೆ, ಬಳಕೆಯಾದ ಮೇಲೆ.

ಕೊಳ್ಳೇಗಾಲ ಮೊದಲು ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಒಂದು ಹಗಲಿನ ನಡಿಗೆಯೂ ಇಲ್ಲದಷ್ಟು ಹತ್ತಿರದ ಯಳಂದೂರು, ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದ ಊರು, ಮೈಸೂರಿನದು. 1956ರ ನವೆಂಬರ್ 1ರಂದು ಕೊಳ್ಳೇಗಾಲವೂ ಮೈಸೂರು ರಾಜ್ಯಕ್ಕೆ ಸೇರಿತು. "ಕೂತ ಜಾಗದಿಂದ ಏಳದೆಯೇ ಹೊಸಬನಾದವನು ನಾನು" ಎಂದು ನಮ್ಮ ಹಿರಿಯರು ನಗುತ್ತಿದ್ದರು. ಮದರಾಸಿನವರ ತಹಶೀಲ್ದಾರರು ಮೈಸೂರಿನವರಿಗೆ ಅಮಲ್ದಾರರು. ಅಲ್ಲಿನ ಕರ್ಣಂ ಇಲ್ಲಿ ಶಾನುಭೋಗ. ಅಲ್ಲಿನ ರೆವಿನ್ಯೂ ಇನ್‌ಸ್ಪೆಕ್ಟರು ಇಲ್ಲಿ ಶೇಕದಾರ. ಕನ್ನಡವೇ ಮಾತೃಭಾಷೆಯಾದವನೂ ಕಚೇರಿಯ ಕನ್ನಡದಲ್ಲಿ ತಡವರಿಸುವ ಕಾಲ. ಆಗ ಮೈಸೂರಿನ ಕಡೆಯಿಂದ ಬಂದ ಮೇಲಧಿಕಾರಿಯೊಬ್ಬರು ಇವರನ್ನು ಕರೆದು, "ನಿಮ್ಮ ಪದ್ಧತಿಯನ್ನು ಮೊದಲು ನನಗೆ ಕಲಿಸಿ, ನಮ್ಮದನ್ನು ಆಮೇಲೆ ನಾನು ನಿಮಗೆ ಕಲಿಸುತ್ತೇನೆ" ಎಂದರಂತೆ. ಆ ಒಂದು ಮಾತಿನಿಂದ ತಮ್ಮ ಎದೆಯ ಭಾರ ಇಳಿಯಿತೆಂದು ಹಿರಿಯರು ಹೇಳುವಾಗ, ಇಪ್ಪತ್ತು ವರ್ಷಗಳ ಮೇಲೂ ಅವರ ಧ್ವನಿ ಒದ್ದೆಯಾಗುತ್ತಿತ್ತು.

ಇಂತಹವರ ಕೈಯಲ್ಲಿ ಪಳಗಿದ ನಾನು ಅವರಂತೆಯೇ ನಡೆದುಕೊಂಡೆನೆ? ಇಲ್ಲ. ಅದನ್ನು ಒಪ್ಪಿಕೊಳ್ಳುವುದಕ್ಕಾಗಿಯೇ ಈ ಲೇಖನ.

ತೊಂಬತ್ತರ ದಶಕದ ಮೊದಲಲ್ಲಿ ನಾನು ಹನೂರಿನ ಕಡೆಯ ಒಂದು ಕಚೇರಿಯಲ್ಲಿದ್ದೆ. ಯಾವುದೆಂಬುದು ಬೇಡ. ಹನೂರು ಆಗ ಕೊಳ್ಳೇಗಾಲ ತಾಲ್ಲೂಕಿನೊಳಗೇ ಇತ್ತು. ಬೇರೆ ತಾಲ್ಲೂಕಾದದ್ದು ಈಚೆಗೆ. ಅಲ್ಲಿಗೆ ಸೋಲಿಗರ ಹುಡುಗನೊಬ್ಬ ಗುಮಾಸ್ತೆಯಾಗಿ ಬಂದ. ಅಕ್ಷರ ಮುತ್ತಿನಂತೆ, ಕೆಲಸ ಅಚ್ಚುಕಟ್ಟು. ಆದರೆ ಅವನನ್ನು ಹೆಸರು ಹಿಡಿದು ಕರೆದವರು ಕಡಮೆ. "ಈ ಸಲ ಜೇನು ತರಲಿಲ್ಲವೇನಯ್ಯಾ?" ಎಂದು ಒಬ್ಬರು ಕೇಳಿದರೆ, "ನಿಮ್ಮ ಪೋಡಿನಲ್ಲಿ ಕರಡಿ ಕ್ಷೇಮವೇ?" ಎಂದು ಇನ್ನೊಬ್ಬರು. ಎಲ್ಲರೂ ನಗುತ್ತಿದ್ದರು, ನಾನೂ ನಕ್ಕೆ. ನಾಲ್ಕು ಗಂಟೆಯ ಚಹಾಕ್ಕೆ ನಾವೆಲ್ಲ ಒಟ್ಟಾಗಿ ಏಳುತ್ತಿದ್ದೆವು. ಅವನನ್ನು ಬರಬೇಡವೆಂದವರಿಲ್ಲ, ಬಾ ಎಂದವರೂ ಇಲ್ಲ. ವರ್ಷ ತುಂಬುವ ಮೊದಲೇ ಅವನು ವರ್ಗಾವಣೆ ಕೇಳಿಕೊಂಡು ಹೊರಟುಹೋದ. ಖಾಲಿಯಾದ ಮೂಲೆಯ ಕುರ್ಚಿಯನ್ನು ನೋಡಿದೆ. ಅದಕ್ಕೂ ಮೂರೇ ಕಾಲು ಗಟ್ಟಿ. ಹತ್ತು ತಿಂಗಳು ಅವನು ಅದರಲ್ಲೇ ಕುಳಿತಿದ್ದ. ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ.

ಅದೇ ಸೀಮೆಯ ಒಡೆಯರಪಾಳ್ಯದಲ್ಲಿ, ಹಿಮಾಲಯದಾಚೆಯ ನೆಲವನ್ನು ಕಳೆದುಕೊಂಡು ಬಂದ ಟಿಬೆಟಿನ ಜನ ಎಪ್ಪತ್ತರ ದಶಕದಿಂದ ನೆಲೆಯೂರಿದ್ದಾರೆ. ಅಷ್ಟು ದೂರದವರಿಗೆ ಜಾಗ ಕೊಟ್ಟ ಮಣ್ಣಿನಲ್ಲಿ, ಕಿಟಕಿಯಿಂದ ಕಾಣುವ ಬೆಟ್ಟದ ಹುಡುಗನಿಗೆ ನಾವು ಒಂದು ಲೋಟ ಚಹಾದಷ್ಟು ಜಾಗವನ್ನೂ ಕೊಡಲಿಲ್ಲ.

ಈ ಕೊರಗು ಮನಸ್ಸಿನಲ್ಲಿರುವಾಗಲೇ ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿದ್ದೆ. ಅಲ್ಲಿ ಡಾಕ್ಟರ್ ಎಚ್. ಸುದರ್ಶನ್ ಅವರು 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವಿದೆ. 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಈ ಕೆಲಸವನ್ನರಸಿ ಬಂತು. ನನ್ನ ಮನಸ್ಸನ್ನು ಹಿಡಿದದ್ದು ಪ್ರಶಸ್ತಿಯಲ್ಲ. ಬೆಟ್ಟದಲ್ಲಿ ಹೊಸಬರು ಡಾಕ್ಟರೇ, ಮನೆಯವರು ಸೋಲಿಗರು. ಔಷಧವನ್ನು ಕೊಡುವ ಮೊದಲು ಅವರ ವಿಶ್ವಾಸವನ್ನು ಪಡೆಯಬೇಕಾಗಿತ್ತು. ಅವರ ಗಿಡಮೂಲಿಕೆಯ ತಿಳಿವಳಿಕೆಗೂ ಅಲ್ಲಿ ಗೌರವದ ಸ್ಥಾನ ದೊರೆಯಿತು. ಅಲ್ಲಿನ ಶಾಲೆಯಲ್ಲಿ ಓದಿದ ಸೋಲಿಗ ಮಕ್ಕಳು ಮುಂದೆ ಉಪಾಧ್ಯಾಯರಾದರು, ದಾದಿಯರಾದರು. "ನಿಮ್ಮದನ್ನು ಮೊದಲು ನನಗೆ ಕಲಿಸಿ" ಎಂದ ಆ ಹಳೆಯ ಅಧಿಕಾರಿಯ ಮಾತೇ ಇಲ್ಲಿ ಬೇರೊಂದು ರೂಪದಲ್ಲಿ ನಡೆದಂತೆ ನನಗೆ ಕಂಡಿತು.

ಹೊಸಬನು ಹೊಂದಿಕೊಳ್ಳಬೇಕೆಂದು ಹೇಳುವುದು ಸುಲಭ. ಹೊಂದಿಕೊಳ್ಳುವುದಕ್ಕೆ ಇಬ್ಬರು ಬೇಕು. ಇದ್ದವರು ಕೊಂಚ ಸರಿದು ಕೂರದಿದ್ದರೆ ಬಂದವನು ಎಲ್ಲಿ ಕೂರಬೇಕು? ಇದಕ್ಕೆ ಸರ್ಕಾರದ ಸುತ್ತೋಲೆ ಬೇಕಾಗಿಲ್ಲ. ಹೆಸರು ಹಿಡಿದು ಕರೆಯುವುದು, ಊಟದ ಡಬ್ಬಿ ಬಿಚ್ಚುವಾಗ ಜೊತೆಗೆ ಕರೆಯುವುದು, ಅವನಿಗೆ ಗೊತ್ತಿದ್ದು ನಮಗೆ ಗೊತ್ತಿಲ್ಲದ್ದನ್ನು ಕೇಳುವುದು. ಮತ್ತು ಎಲ್ಲರೂ ನಗುವಾಗ ಒಬ್ಬನಾದರೂ ನಗದೆ ಇರುವುದು. ಈ ಕೊನೆಯದೇ ಕಷ್ಟ. ನನ್ನಿಂದಾಗಲಿಲ್ಲ.

ನಿವೃತ್ತನಾದ ಮೇಲೆ ಒಮ್ಮೆ ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಆತ ಸಿಕ್ಕರು. ತಲೆ ನರೆತಿತ್ತು, ಈಗ ಕಚೇರಿಯೊಂದರ ಮೇಲ್ವಿಚಾರಕರು. ನಾನು ಹಳೆಯದನ್ನೆತ್ತಿ ಕ್ಷಮೆ ಕೇಳಹೊರಟೆ. ಅವರು ತಡೆದು, "ಬಿಡಿ ಸಾರ್. ನಮ್ಮ ಆಫೀಸಿಗೆ ಹೊಸಬರು ಯಾರೇ ಬರಲಿ, ಮೊದಲ ದಿನದ ಟೀ ನನ್ನದೇ" ಎಂದರು. ಆಮೇಲೆ ನನ್ನನ್ನೂ ಎದುರಿನ ಹೋಟೆಲಿಗೆ ಕರೆದುಕೊಂಡು ಹೋಗಿ, ತಾವೇ ಕುರ್ಚಿಯನ್ನು ಅಲುಗಾಡಿಸಿ ನೋಡಿ, "ಇದು ಗಟ್ಟಿಯಾಗಿದೆ, ಕೂತ್ಕೊಳ್ಳಿ" ಎಂದರು.