ಹಾಕಿ ಸವೆಯೋದಕ್ಕಿಂತ ಇಟ್ಟು ಹಾಳಾಗೋ ಶೂಗಳೇ ಜಾಸ್ತಿ: ಪಾದರಕ್ಷೆ ವರ್ಷಗಟ್ಟಲೆ ಬಾಳಲು ಏನು ಮಾಡಬೇಕು?

ಸಂತೇಬೆನ್ನೂರು: ಮದುವೆಗೆಂದು ತಂದ ದುಬಾರಿ ಶೂ. ಎರಡು ಸಲ ಹಾಕಿ, ಒರೆಸಿ, ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ, ಬಾಕ್ಸ್ ಸಮೇತ ಬೀರು ಮೇಲೆ ಏರಿಸಿದ್ದಾಯಿತು. ನಾಲ್ಕೈದು ವರ್ಷ ಬಿಟ್ಟು ಇನ್ನೊಂದು ಮದುವೆಗೆ ತೆಗೆದರೆ ಮೇಲೆಲ್ಲಾ ಹೊಸದರಂತೆಯೇ ಹೊಳೆಯುತ್ತದೆ. ಆದರೆ ಛತ್ರದ ಬಾಗಿಲು ತಲುಪುವಷ್ಟರಲ್ಲಿ ಸೋಲ್ ಬಿರುಕು ಬಿಟ್ಟು, ಹಳೇ ಸ್ಪಂಜಿನಂತೆ ಪುಡಿಪುಡಿಯಾಗಿ ಉದುರುತ್ತದೆ. ‘ಹಾಕ್ಕೊಂಡೇ ಇಲ್ಲ, ಹೆಂಗೆ ಹಾಳಾಯ್ತು?’ ಅಂತ ಗ್ರಾಹಕರು ಅಂಗಡಿಗೆ ಬಂದು ಜಗಳ ಆಡುವುದೂ ಉಂಟು.

ಉತ್ತರ ವಿಚಿತ್ರ ಅನ್ನಿಸಬಹುದು. ಅದು ಹಾಳಾಗಿದ್ದು ಹಾಕಿದ್ದಕ್ಕಲ್ಲ, ಗಾಳಿಯಾಡದಂತೆ ಕಟ್ಟಿಟ್ಟಿದ್ದಕ್ಕೆ. ಶೂ, ಚಪ್ಪಲಿಗೆ ನಡಿಗೆಗಿಂತ ದೊಡ್ಡ ಶತ್ರು ತೇವ. ತೇವ ಮಳೆಯಿಂದ ಬರಬಹುದು, ಕಾಲಿನ ಬೆವರಿನಿಂದ ಬರಬಹುದು, ಗೋಡೆಯ ಜಿನುಗಿನಿಂದಲೂ ಬರಬಹುದು. ಇದೊಂದನ್ನು ಹಿಡಿತದಲ್ಲಿ ಇಟ್ಟುಕೊಂಡರೆ ಒಂದು ಜೊತೆ ಬಾಳುವ ಜಾಗದಲ್ಲಿ ಮೂರು ಜೊತೆ ಕೊಳ್ಳುವ ಖರ್ಚು ಉಳಿಯುತ್ತದೆ.

ಇಟ್ಟಲ್ಲೇ ಪುಡಿಯಾಗೋದು ಯಾಕೆ?

ಈಗಿನ ಬಹುತೇಕ ಫಾರ್ಮಲ್ ಶೂ, ಸ್ಯಾಂಡಲ್, ಸೇಫ್ಟಿ ಶೂಗಳ ಸೋಲ್ ಪಾಲಿಯುರಿಥೇನ್ ಎಂಬ ಫೋಮಿನದ್ದು. ಅಂಗಡಿಯಲ್ಲಿ ‘ಪಿಯು ಸೋಲ್’ ಅನ್ನುವುದು ಇದನ್ನೇ. ಹಗುರ, ಮೆತ್ತಗೆ, ನೋಡಲೂ ಚೆಂದ. ಆದರೆ ಇದರಲ್ಲಿ ಹೆಚ್ಚಾಗಿ ಬಳಸುವ ಬಗೆ ಗಾಳಿಯಲ್ಲಿರುವ ತೇವಾಂಶವನ್ನು ನಿಧಾನವಾಗಿ ಹೀರಿಕೊಳ್ಳುತ್ತದೆ. ಆ ನೀರಿನ ಅಂಶ ಫೋಮಿನೊಳಗಿನ ಕೊಂಡಿಗಳನ್ನು ಒಂದೊಂದಾಗಿ ಕತ್ತರಿಸುತ್ತಾ ಹೋಗುತ್ತದೆ. ಬಿಸಿ ಮತ್ತು ತೇವ ಎರಡೂ ಸೇರಿದರೆ ಕೆಲಸ ಇನ್ನೂ ಬೇಗ ಆಗುತ್ತದೆ.

ದಿನಾ ಹಾಕುವ ಶೂ ಒತ್ತಡಕ್ಕೆ ಸಿಕ್ಕಿ, ಗಾಳಿಯಾಡಿ, ಒಳಗಿನ ತೇವವನ್ನು ಹೊರಹಾಕುತ್ತಿರುತ್ತದೆ. ಬಾಕ್ಸ್‌ನಲ್ಲಿ ಪ್ಲಾಸ್ಟಿಕ್ ಸುತ್ತಿ ಕೂತ ಶೂಗೆ ಆ ಅವಕಾಶವಿಲ್ಲ. ಹಾಗಾಗಿ ಪಿಯು ಸೋಲಿನ ಶೂ ಕೊಂಡವರು ‘ಜೋಪಾನ ಮಾಡ್ತೀನಿ’ ಅಂತ ಮುಚ್ಚಿಡಬಾರದು. ತಿಂಗಳಿಗೊಮ್ಮೆಯಾದರೂ ಹಾಕಿಕೊಂಡು ಓಡಾಡಬೇಕು. ವರ್ಷಕ್ಕೆ ಒಂದೆರಡು ಸಲ ಮಾತ್ರ ಬೇಕು ಎನ್ನುವವರು ರಬ್ಬರ್ ಸೋಲ್ ಅಥವಾ ಹೊಲಿಗೆ ಹಾಕಿದ ಚರ್ಮದ ಸೋಲ್ ಇರುವುದನ್ನು ಕೊಳ್ಳುವುದು ಜಾಣತನ.

ಊರಿಗೊಂದು ಕಾಟ

ಚನ್ನಗಿರಿ, ಹೊನ್ನಾಳಿ ಕಡೆಯ ಭದ್ರಾ ನಾಲೆ ಅಚ್ಚುಕಟ್ಟಿನಲ್ಲಿ ಗದ್ದೆ ಕೆಸರು. ಅಡಿಕೆ ತೋಟದಲ್ಲಿ ವರ್ಷದ ಬಹುಪಾಲು ನೆಲ ತಂಪು. ನ್ಯಾಮತಿ, ಹೊನ್ನಾಳಿಯ ಹೊಳೆ ದಂಡೆ ಊರುಗಳಲ್ಲಿ ಮಳೆಗಾಲದಲ್ಲಿ ಮನೆಯೊಳಗೂ ತೇವ. ಜಗಳೂರಿನಲ್ಲಿ ಉಲ್ಟಾ, ಅಲ್ಲಿ ಮಳೆ ಕಮ್ಮಿ, ಧೂಳು ಜಾಸ್ತಿ.

ಧೂಳು ಅಂದರೆ ಬರೀ ಕೊಳೆ ಅಲ್ಲ. ಅದರಲ್ಲಿರುವ ಸಣ್ಣ ಮರಳಿನ ಕಣ ಚರ್ಮದ ಮಡಿಕೆಯಲ್ಲಿ, ಹೊಲಿಗೆ ದಾರದ ಸಂದಿಯಲ್ಲಿ ಕೂತು, ನಡೆದಾಗಲೆಲ್ಲಾ ಉಪ್ಪುಕಾಗದದಂತೆ ಉಜ್ಜುತ್ತದೆ. ಹೊಲಿಗೆ ಬಿಚ್ಚಿಕೊಳ್ಳುವುದು ಬಹಳ ಸಲ ಹೀಗೆಯೇ. ಮನೆಗೆ ಬಂದ ಕೂಡಲೇ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಹೊಲಿಗೆ ಸಾಲನ್ನು ಒಣಗಿದ್ದಾಗಲೇ ತಿಕ್ಕಿ ತೆಗೆದರೆ ಸಾಕು.

ತೋಟ, ಹೊಲದಲ್ಲಿ ಹಾಕಿದ ಚಪ್ಪಲಿಯನ್ನು ನೀರಲ್ಲಿ ತೊಳೆದೇ ಇಡಬೇಕು. ಯೂರಿಯಾದಂಥ ಗೊಬ್ಬರ, ಔಷಧಿಯ ಅಂಶ ಅಂಟಿಕೊಂಡಿದ್ದರೆ ಅದು ಪಾದಕ್ಕೂ ಒಳ್ಳೆಯದಲ್ಲ, ಮೊಳೆ, ಬಕಲ್‌ಗೂ ತುಕ್ಕು ಹಿಡಿಸುತ್ತದೆ. ಸಿಮೆಂಟ್ ಕೆಲಸಕ್ಕೆ ಹೋಗುವವರು ಚರ್ಮದ ಚಪ್ಪಲಿ ಹಾಕಲೇಬಾರದು. ಹಸಿ ಸಿಮೆಂಟಿನ ಕ್ಷಾರ ಚರ್ಮವನ್ನು ಒರಟು ಮಾಡಿ ಸೀಳಿಸುತ್ತದೆ. ಅಂಥ ಕೆಲಸಕ್ಕೆ ಗಮ್‌ಬೂಟೇ ಸರಿ.

ಅಡಿಕೆ ಸುಗ್ಗಿಯಲ್ಲಿ ಇನ್ನೊಂದು ತಾಪತ್ರಯ ಚೊಗರು. ಅಡಿಕೆ ಚೊಗರಿನಲ್ಲಿರುವುದು ಟ್ಯಾನಿನ್. ಮರದ ತೊಗಟೆ, ಅಳಲೆಕಾಯಿಯಲ್ಲಿ ಇರುವುದೂ ಇದೇ ಜಾತಿಯ ಪದಾರ್ಥ, ಚರ್ಮ ಹದ ಮಾಡಲು ಅವನ್ನು ಬಳಸುತ್ತಾರೆ. ಹಾಗಾಗಿ ಚೊಗರು ಚರ್ಮಕ್ಕೆ ಬಿದ್ದರೆ ಕೆಂಪು ಕಲೆಯಾಗಿ ಉಳಿದುಬಿಡುತ್ತದೆ. ಕಬ್ಬಿಣದ ಮೊಳೆ ಇರುವ ಜಾಗದಲ್ಲಿ ಕಪ್ಪಗೇ ಆಗುತ್ತದೆ. ಬಿದ್ದ ಕೂಡಲೇ ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಒಣಗಿದ ಮೇಲೆ ಏನು ಮಾಡಿದರೂ ಪೂರ್ತಿ ಹೋಗದು.

ಒದ್ದೆಯಾದ ಶೂ ಒಲೆ ಹತ್ತಿರ ಇಡಬೇಡಿ

ಮಳೆಯಲ್ಲಿ ನೆನೆದು ಬಂದ ಶೂವನ್ನು ಬಚ್ಚಲು ಒಲೆ ಪಕ್ಕ, ಅಡಿಕೆ ಬೇಯಿಸುವ ಒಲೆ ಪಕ್ಕ ಒಣಗಲು ಇಡುವುದು ಹಳ್ಳಿ ಮನೆಗಳ ರೂಢಿ. ಕೆಲವರು ನಡು ಮಧ್ಯಾಹ್ನದ ಬಿಸಿಲಿಗೆ ಸಿಮೆಂಟ್ ಕಟ್ಟೆ ಮೇಲೆ ಇಡುತ್ತಾರೆ. ಒದ್ದೆ ಚರ್ಮಕ್ಕೆ ಬಿಸಿ ತಾಗಿದರೆ ಅದರ ನಾರು ಕುಗ್ಗಿ ಗಟ್ಟಿಯಾಗುತ್ತದೆ. ಆಮೇಲೆ ಬೆರಳು ಮಡಚುವ ಜಾಗದಲ್ಲಿ ಬಿರುಕು ಗ್ಯಾರಂಟಿ. ಸೋಲಿನ ಗೋಂದು ಕೂಡ ಬಿಸಿಗೆ ಸಡಿಲಾಗುತ್ತದೆ. ಹಗುರ ಫೋಮಿನ ಈಗಿನ ಚಪ್ಪಲಿಗಳಂತೂ ಬಿಸಿಲಿಗೆ ಇಟ್ಟರೆ ಒಂದು ಸೈಜ್ ಚಿಕ್ಕದೇ ಆಗಿಬಿಡುತ್ತವೆ.

ಸರಿಯಾದ ಕ್ರಮ ಇದು:

1. ಮೊದಲು ಕೆಸರು ತೊಳೆದು, ಒಣ ಬಟ್ಟೆಯಲ್ಲಿ ಒರೆಸಿ. ಲೇಸ್ ಪೂರ್ತಿ ಬಿಚ್ಚಿ, ಒಳಗಿನ ಅಟ್ಟೆ ಹೊರತೆಗೆಯುವಂತಿದ್ದರೆ ತೆಗೆದು ಬೇರೆ ಒಣಗಿಸಿ.
2. ಹಳೇ ನ್ಯೂಸ್‌ಪೇಪರ್ ಉಂಡೆ ಮಾಡಿ ಒಳಗೆ ತುಂಬಿ. ಒಂದೆರಡು ಗಂಟೆಗೆ ಪೇಪರ್ ಒದ್ದೆಯಾಗುತ್ತದೆ, ಬದಲಿಸಿ. ಬಿಳಿ ಅಥವಾ ತಿಳಿ ಬಣ್ಣದ ಶೂ ಆದರೆ ಮಸಿ ಹತ್ತುತ್ತದೆ, ಹಳೇ ಬಿಳಿ ಬಟ್ಟೆ ಬಳಸಿ.
3. ನೆರಳಲ್ಲಿ, ಫ್ಯಾನ್ ಗಾಳಿಗೆ, ಒಂದು ಪಕ್ಕಕ್ಕೆ ಮಲಗಿಸಿ ಇಡಿ. ಆಗ ಅಡಿಭಾಗಕ್ಕೂ ಗಾಳಿ ತಾಗುತ್ತದೆ.
4. ಪೂರ್ತಿ ಒಣಗಲು ಒಂದೆರಡು ದಿನ ಬೇಕು. ಮೇಲೆ ಒಣಗಿದಂತೆ ಕಂಡರೂ ಒಳಗೆ ಬೆರಳು ಇಟ್ಟು ನೋಡಿ.

ಮಳೆ ಇಲ್ಲದಿದ್ದರೂ ಶೂ ಒದ್ದೆಯಾಗುತ್ತದೆ. ಎರಡೂ ಪಾದಗಳಲ್ಲಿ ಸೇರಿ ಸುಮಾರು ಎರಡೂವರೆ ಲಕ್ಷ ಬೆವರು ಗ್ರಂಥಿಗಳಿವೆ. ದಿನವಿಡೀ ಹಾಕಿದ ಶೂ ಒಂದು ರಾತ್ರಿಯಲ್ಲಿ ಪೂರ್ತಿ ಒಣಗುವುದಿಲ್ಲ. ಅದಕ್ಕೇ ಸಾಧ್ಯವಿರುವವರು ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕಿದರೆ, ಎರಡೂ ಸೇರಿ ಒಂದರ ಎರಡರಷ್ಟಕ್ಕಿಂತ ಹೆಚ್ಚು ಕಾಲ ಬಾಳುತ್ತವೆ. ವಾಸನೆಯ ಕಾಟವೂ ತಪ್ಪುತ್ತದೆ.

ಪಾಲಿಶ್‌ಗೂ ಮೊದಲು ಬಟ್ಟೆ

ಧೂಳಿನ ಮೇಲೇ ಪಾಲಿಶ್ ಹಚ್ಚಿದರೆ ಮರಳು ಚರ್ಮದೊಳಗೆ ಇಳಿಯುತ್ತದೆ. ಮೊದಲು ಬ್ರಷ್, ಆಮೇಲೆ ಸ್ವಲ್ಪ ಒದ್ದೆ ಬಟ್ಟೆ, ಒಣಗಿದ ಮೇಲೆ ಪಾಲಿಶ್. ತೆಳುವಾಗಿ ಹಚ್ಚಿ ಹತ್ತು ನಿಮಿಷ ಬಿಟ್ಟು ತಿಕ್ಕಬೇಕು. ತಕ್ಷಣ ಹೊಳಪು ಕೊಡುವ ಸ್ಪಂಜಿನ ದ್ರವ ಪಾಲಿಶ್ ಅವಸರಕ್ಕೆ ಸರಿ, ಆದರೆ ಅದು ಮೇಲ್ಮೈಗೆ ಮಾತ್ರ ಹೊಳಪು. ಚರ್ಮಕ್ಕೆ ಮೆದು ಕೊಡುವುದು ಮೇಣದ ಅಥವಾ ಕ್ರೀಮ್ ಪಾಲಿಶ್.

ಚರ್ಮದ ಚಪ್ಪಲಿಗೆ ಎಣ್ಣೆ ಹಚ್ಚುವುದು ಹಿಂದಿನಿಂದ ಬಂದ ಪದ್ಧತಿ, ಅದರಲ್ಲಿ ತಪ್ಪಿಲ್ಲ. ಆದರೆ ನಾಲ್ಕು ಹನಿ ಸಾಕು. ಎಣ್ಣೆ ಸುರಿದರೆ ಚರ್ಮ ಸಡಿಲಾಗಿ ಆಕಾರ ಕೆಡುತ್ತದೆ, ಧೂಳು ಅಂಟುತ್ತದೆ, ಮಳೆಗಾಲದಲ್ಲಿ ಬೂಸ್ಟಿಗೂ ಅದೇ ದಾರಿ. ರೆಕ್ಸಿನ್ ಶೂಗೆ ಎಣ್ಣೆ, ಮೇಣದ ಪಾಲಿಶ್ ಎರಡೂ ವ್ಯರ್ಥ. ಅದು ಚರ್ಮವಲ್ಲ, ಹೀರಿಕೊಳ್ಳುವುದೂ ಇಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಕೊಲ್ಹಾಪುರಿ ಚಪ್ಪಲಿ ಇಟ್ಟುಕೊಂಡವರಿಗೆ ಒಂದು ಮಾತು. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಸೇರಿದವು. ಅಥಣಿ, ನಿಪ್ಪಾಣಿ ಕಡೆಯ ಕುಶಲಕರ್ಮಿಗಳ ಕೈಕೆಲಸ ಅದು. ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ಈ ಚರ್ಮ ಬಿಸಿಲು ನಾಡಿಗೆ ಹೇಳಿ ಮಾಡಿಸಿದ್ದು, ಮಳೆಗಲ್ಲ. ನೀರು ಕುಡಿದರೆ ಉಬ್ಬಿ, ಹೊಲಿಗೆ ಎಳೆದುಕೊಳ್ಳುತ್ತದೆ. ಜೂನ್‌ನಿಂದ ಮಳೆ ಮುಗಿಯುವ ತನಕ ಒಣಗಿಸಿ, ಬಟ್ಟೆ ಚೀಲದಲ್ಲಿ ಹಾಕಿ, ಎತ್ತರದ ಜಾಗದಲ್ಲಿ ಇಡುವುದೇ ಕ್ಷೇಮ.

ಬೂಸ್ಟು ಬಂದರೆ?

ಬೂಸ್ಟು ಬಂದ ಶೂ ಎಸೆಯಬೇಕಿಲ್ಲ. ಮನೆಯೊಳಗೆ ಕೊಡವಿದರೆ ಬೂಸ್ಟಿನ ಪುಡಿ ಉಳಿದ ಶೂಗಳಿಗೂ ಹರಡುತ್ತದೆ, ಅಂಗಳಕ್ಕೆ ಒಯ್ಯಿರಿ. ಒಣ ಬ್ರಷ್‌ನಿಂದ ತಿಕ್ಕಿ. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆಯನ್ನು ಅದರಲ್ಲಿ ಅದ್ದಿ ಚೆನ್ನಾಗಿ ಹಿಂಡಿ ಒರೆಸಿ. ಬಣ್ಣ ಬಿಡುತ್ತದೆಯೇ ಅಂತ ಮೊದಲು ಒಳಬದಿಯ ಮೂಲೆಯಲ್ಲಿ ನೋಡಿಕೊಳ್ಳಿ. ನೆರಳಲ್ಲಿ ಪೂರ್ತಿ ಒಣಗಿಸಿ, ಆಮೇಲೆ ಪಾಲಿಶ್ ಮಾಡಿ. ಶೂ ಇಟ್ಟಿದ್ದ ಬಾಕ್ಸ್, ಚೀಲವನ್ನೂ ಬದಲಿಸಬೇಕು, ಇಲ್ಲದಿದ್ದರೆ ವಾರದಲ್ಲಿ ಮತ್ತೆ ಬರುತ್ತದೆ.

ಎತ್ತಿಡುವಾಗ ಗಮನಿಸಿ

* ತೊಳೆದು, ಒರೆಸಿ, ಎರಡು ದಿನ ಗಾಳಿಗೆ ಬಿಟ್ಟ ಮೇಲಷ್ಟೇ ಎತ್ತಿಡಿ. ಬೆವರು ಇರುವಾಗಲೇ ಮುಚ್ಚಿದರೆ ಬೂಸ್ಟು ಖಚಿತ.
* ಪ್ಲಾಸ್ಟಿಕ್ ಕವರ್ ಬೇಡ. ಹಳೇ ಹತ್ತಿ ದಿಂಬಿನ ಕವರ್ ಅಥವಾ ನಾಲ್ಕು ತೂತು ಮಾಡಿದ ರಟ್ಟಿನ ಬಾಕ್ಸ್ ಸಾಕು.
* ಒಳಗೆ ಪೇಪರ್ ತುಂಬಿ, ಆಕಾರ ನಿಲ್ಲುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಪೇಪರ್ ಬದಲಿಸಿ.
* ಬಾಕ್ಸ್ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ಎಸೆಯಬೇಡಿ, ಅದು ತೇವ ಹೀರುತ್ತದೆ. ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ. ಇಲ್ಲದಿದ್ದರೆ ಬಟ್ಟೆಯಲ್ಲಿ ಕಟ್ಟಿದ ಒಣ ಇದ್ದಿಲೂ ಆದೀತು.
* ನುಸಿ ಗುಳಿಗೆ ಹುಳ ಓಡಿಸುತ್ತದೆ ಅಷ್ಟೇ, ತೇವ ಹೀರುವುದಿಲ್ಲ.
* ನೆಲದ ಮೇಲೆ, ಜಿನುಗುವ ಗೋಡೆಗೆ ತಾಗಿಸಿ ಇಡಬೇಡಿ. ಹಲಗೆ ಮೇಲೆ, ಗೋಡೆಯಿಂದ ಅರ್ಧ ಅಡಿ ದೂರ ಇರಲಿ.
* ಹೊರಗೆ ಜಗುಲಿ ಮೇಲೆ ಇಟ್ಟ ಶೂ, ಗಮ್‌ಬೂಟನ್ನು ಬಗ್ಗಿಸಿ ಕೊಡವದೇ ಕಾಲು ಹಾಕಲೇಬೇಡಿ. ಮಳೆಗಾಲದಲ್ಲಿ ಚೇಳು, ಹಾವಿನ ಮರಿ ಬೆಚ್ಚಗೆ ಸೇರಿಕೊಂಡಿರುತ್ತವೆ.

ಮಕ್ಕಳ ಶಾಲಾ ಶೂ

ಸರ್ಕಾರಿ ಶಾಲೆಯಲ್ಲಿ ಒಂದರಿಂದ ಹತ್ತನೇ ತರಗತಿವರೆಗಿನ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಲ್ಲಿ ಸಿಗುವುದು ವರ್ಷಕ್ಕೆ ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಸಾಕ್ಸ್. ಕೂಲಿ ಮಾಡುವ ಮನೆಯಲ್ಲಿ ಆ ಒಂದು ಜೊತೆ ಮಳೆ, ಕೆಸರು, ಆಟ ಎಲ್ಲವನ್ನೂ ದಾಟಿ ಮುಂದಿನ ಬೇಸಿಗೆ ತನಕ ಬರಬೇಕು.

ಈ ಶೂ ಮೊದಲು ಸೋಲುವುದು ಹಿಮ್ಮಡಿಯಲ್ಲಿ. ಲೇಸ್ ಅಥವಾ ಪಟ್ಟಿ ಬಿಚ್ಚದೇ ಹಿಂಭಾಗ ತುಳಿದು ಕಾಲು ತೂರಿಸುವುದರಿಂದ ಹಿಮ್ಮಡಿಯ ಗಟ್ಟಿ ರಟ್ಟು ಮುರಿಯುತ್ತದೆ. ಚಮಚದ ಹಿಂಬದಿ ಇಟ್ಟು ಹಾಕಿಕೊಳ್ಳುವುದನ್ನು ಮಕ್ಕಳಿಗೆ ಕಲಿಸಿದರೆ ಅರ್ಧ ಆಯಸ್ಸು ಹೆಚ್ಚಿದ ಹಾಗೆ. ಜೋರು ಮಳೆ ದಿನ ರಬ್ಬರ್ ಚಪ್ಪಲಿಯಲ್ಲಿ ಬರಲು ಶಾಲೆಯವರೂ ಸ್ವಲ್ಪ ಸಡಿಲ ಕೊಟ್ಟರೆ ಒಳ್ಳೆಯದು. ಸಾಕ್ಸ್ ದಿನಾ ತೊಳೆಯಲೇಬೇಕು, ಬೆವರಿನ ಸಾಕ್ಸ್ ಶೂ ಒಳಗೇ ತುರುಕಿಟ್ಟರೆ ಶೂ ಒಳಪದರ ಕೊಳೆಯುತ್ತದೆ. ಬಿಳಿ ಕ್ಯಾನ್ವಾಸ್ ಶೂ ತೊಳೆದ ಮೇಲೆ ಸೋಪು ಪೂರ್ತಿ ಹೋಗುವ ತನಕ ಜಾಲಿಸಬೇಕು, ಉಳಿದ ಸೋಪೇ ಹಳದಿ ಕಲೆಯಾಗುತ್ತದೆ.

ಅಂಗಡಿಯವರಿಗೆ

ಚಪ್ಪಲಿ ಅಂಗಡಿಯವರ ನಷ್ಟ ಹೆಚ್ಚಾಗಿ ಗೋದಾಮಿನಲ್ಲೇ ಆಗುತ್ತದೆ. ಶಾಲೆ ಶುರುವಿಗೆ, ಮದುವೆ ಸೀಸನ್‌ಗೆ ತಂದು ಉಳಿದ ಮಾಲು ಕೆಳಗೆ, ಹೊಸ ಮಾಲು ಮೇಲೆ. ಕೆಳಗಿನದು ಮೂರು ವರ್ಷ ಕೂತು, ಕೊನೆಗೆ ಆಫರ್‌ನಲ್ಲಿ ಹೋಗಿ, ತಿಂಗಳೊಳಗೆ ಜಗಳವಾಗಿ ವಾಪಸ್ ಬರುತ್ತದೆ.

ಮೊದಲು ಬಂದದ್ದು ಮೊದಲು ಹೋಗಬೇಕು. ಅದಕ್ಕೆ ಬಾಕ್ಸ್ ಮೇಲಿರುವ ತಯಾರಿಕೆಯ ತಿಂಗಳು-ವರ್ಷ ಹೊರಮುಖವಾಗಿ ಕಾಣುವಂತೆ ಜೋಡಿಸಿ. ಪಿಯು ಸೋಲಿನ ಮಾಲು ಬೇರೆ ಸಾಲಿನಲ್ಲಿರಲಿ, ಅದನ್ನು ಬೇಡಿಕೆ ನೋಡಿ ಸ್ವಲ್ಪ ಸ್ವಲ್ಪವೇ ತರಿಸಿ. ಆರು ತಿಂಗಳಿಗೊಮ್ಮೆ ಹಳೇ ಜೊತೆಗಳನ್ನು ತೆಗೆದು ಸೋಲ್ ಬಗ್ಗಿಸಿ, ಉಗುರಲ್ಲಿ ಒತ್ತಿ ನೋಡಿ. ಗೀರು ಬಿದ್ದರೆ, ಅಂಟಂಟು ಅನ್ನಿಸಿದರೆ ಅದು ಮಾರಾಟದ ಮಾಲಲ್ಲ. ಷೋಕೇಸಿನ ಬಿಸಿಲಿಗೆ ಇಟ್ಟ ಜೊತೆಯನ್ನು ವಾರಕ್ಕೊಮ್ಮೆ ಬದಲಿಸಿ, ಇಲ್ಲದಿದ್ದರೆ ಎಡ ಒಂದು ಬಣ್ಣ, ಬಲ ಒಂದು ಬಣ್ಣ ಆಗುತ್ತದೆ. ‘ಇದು ಪಿಯು ಸೋಲ್, ಕಟ್ಟಿಡಬೇಡಿ, ಹಾಕ್ತಾ ಇರಿ’ ಅಂತ ಬಿಲ್ ಕೊಡುವಾಗ ಒಂದು ಮಾತು ಹೇಳಿದರೆ ಎಷ್ಟೋ ಜಗಳ ಹುಟ್ಟುವುದೇ ಇಲ್ಲ.

ಕೊಳ್ಳುವವರೂ ಹಳೇ ಮಾಲು ಅಗ್ಗಕ್ಕೆ ಸಿಗುತ್ತದೆ ಅಂತ ತಯಾರಿಕೆ ವರ್ಷ ನೋಡದೆ ತರಬಾರದು.

ಬಿಚ್ಚಿದ ದಿನವೇ ಹೊಲಿಸಿ

ಒಂದಿಂಚು ಬಿಚ್ಚಿದ ಹೊಲಿಗೆಗೆ ಹತ್ತಿಪ್ಪತ್ತು ರೂಪಾಯಿ, ಅದನ್ನೇ ತಿಂಗಳು ಎಳೆದಾಡಿದರೆ ಹೊಸ ಜೊತೆಯ ದುಡ್ಡು. ತಕ್ಷಣ ಅಂಟುವ ಸಣ್ಣ ಟ್ಯೂಬಿನ ಗೋಂದು ಮನೆಯಲ್ಲಿ ಹಚ್ಚುವುದು ಒಳ್ಳೆಯದಲ್ಲ. ಅದು ಗಾಜಿನಂತೆ ಗಟ್ಟಿಯಾಗಿ, ಮಡಚುವ ಜಾಗದಲ್ಲಿ ಮತ್ತೆ ಸೀಳುತ್ತದೆ. ಆಮೇಲೆ ಸರಿಯಾದ ಗೋಂದೂ ಅಲ್ಲಿ ಹಿಡಿಯುವುದಿಲ್ಲ. ಸೋಲಿನ ಹಿಮ್ಮಡಿ ಒಂದು ಪಕ್ಕ ಸವೆಯುತ್ತಿದ್ದರೆ ಆಗಲೇ ಒಂದು ರಬ್ಬರ್ ತುಂಡು ಹೊಡೆಸಿಕೊಳ್ಳಿ. ಪುಡಿಯಾದ ಪಿಯು ಸೋಲ್ ಮಾತ್ರ ರಿಪೇರಿಗೆ ಬಗ್ಗದು. ಮೇಲ್ಭಾಗ ಗಟ್ಟಿ ಇದ್ದರೆ ಸೋಲನ್ನೇ ಬದಲಿಸಲು ಆಗುತ್ತದೆಯೇ ಅಂತ ಹೊಲಿಯುವವರಲ್ಲಿ ಕೇಳಿ ನೋಡಿ.

ಸಂತೆ, ಬಸ್ ಸ್ಟ್ಯಾಂಡ್ ಬದಿ ಕೂತು ಚಪ್ಪಲಿ ಹೊಲಿಯುವವರ ಸಂಖ್ಯೆ ಊರೂರಲ್ಲೂ ಕಡಿಮೆಯಾಗುತ್ತಿದೆ. ಕೆಟ್ಟಿದ್ದನ್ನು ಎಸೆಯುವ ರೂಢಿ ಬೆಳೆದಷ್ಟೂ ಅವರ ಕೆಲಸ ಕುಗ್ಗುತ್ತದೆ. ಅವರು ಎದ್ದು ಹೋದರೆ, ಹತ್ತು ರೂಪಾಯಿಯಲ್ಲಿ ಮುಗಿಯುವ ರಿಪೇರಿಗೂ ದಾವಣಗೆರೆ ಬಸ್ ಹತ್ತಬೇಕಾದೀತು.